ಎರಡು ಕಡೆಯಿಂದ ಸುತ್ತಿದ ಕೇಬಲ್

"ಅಮ್ಮಾ, ಅಣ್ಣ ಇವತ್ತೂ ಸ್ನಾನ ಮಾಡಿಲ್ಲ. ಓವರ್!"

ಚೂಟಿ ಮೈಕಿನ ಗುಂಡಿಯಿಂದ ಬೆರಳು ತೆಗೆದಳು. ಅಮ್ಮನ ಉತ್ತರ ಬರುವ ಮೊದಲೇ ಕೆಳಗಿನ ಮನೆಯಿಂದ ಗೊಳ್ಳೆಂದು ನಗು ಕೇಳಿಸಿತು. ಒಬ್ಬಿಬ್ಬರದಲ್ಲ, ಒಂದು ಕೋಣೆ ತುಂಬ ಮಕ್ಕಳ ನಗು.

ಅಣ್ಣನ ಮುಖ ಕೆಂಪಾಯಿತು. "ಹೋಯ್ತು ಮಾನ! ಮತ್ತೆ ಟೀಚರ್ ಸ್ಪೀಕರ್‌ನಲ್ಲಿ ಬಂತು. ನಿನ್ನ ಬಾಯಿಗೆ ಬೀಗ ಹಾಕ್ಬೇಕು ಕಣೇ."

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಕೆಳಗಿನ ಮನೆಯ ಹಾಡಿನ ಟೀಚರ್ ಬಂದು ಬಾಗಿಲಲ್ಲಿ ನಿಂತರು. ಅಪ್ಪ ಹೊಲಿಗೆ ಮೆಷಿನ್ ನಿಲ್ಲಿಸಿ, ಕೊರಳಲ್ಲಿ ಟೇಪು ಹಾಗೇ ಇರುವಂತೆ ಎದ್ದ.

"ನಾನು ಜಗಳಕ್ಕೆ ಬಂದಿಲ್ಲ," ಎಂದರು ಟೀಚರ್. "ಆದ್ರೆ ಮೊನ್ನೆ ನಿಮ್ಮ ಮಗಳ ಗಣಿತದ ಮಾರ್ಕ್ಸು, ನಿನ್ನೆ ನಿಮ್ಮ ಹಲ್ಲುನೋವು, ಇವತ್ತು ಇವನ ಸ್ನಾನ. ಹಾಡಿನ ಮಧ್ಯೆ ಇದೆಲ್ಲ ಬಂದ್ರೆ ಪಾಠ ಮಾಡೋದು ಹೇಗೆ ಹೇಳಿ?"

"ತಪ್ಪಾಯ್ತು ಟೀಚರ್," ಎಂದ ಅಪ್ಪ. "ನಾಳೆ ಸಂಜೆ ಕ್ಲಾಸ್ ಶುರುವಾಗೋದ್ರೊಳಗೆ ಸರಿ ಮಾಡ್ತೀವಿ. ಆಗ್ಲಿಲ್ಲ ಅಂದ್ರೆ ಆಂಟೆನಾನ ನಾನೇ ಇಳಿಸ್ತೀನಿ."

ಚೂಟಿ ಮೈಕನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು.

ಅಮ್ಮ ಲಾರಿ ಓಡಿಸುತ್ತಾಳೆ. ಬೆಳಿಗ್ಗೆ ಗುಡ್ಡದಾಚೆಗೆ ಸರಕು ಒಯ್ದರೆ ಸಂಜೆ ವಾಪಸ್. ಗುಡ್ಡದ ತಿರುವುಗಳಲ್ಲಿ ಫೋನ್ ಸಿಗುವುದಿಲ್ಲ. ಆದರೆ ಲಾರಿಯಲ್ಲೊಂದು, ಮನೆಯಲ್ಲೊಂದು ಸಿಬಿ ರೇಡಿಯೊ ಇವೆ. ಅವೆರಡೂ ಮಾತಾಡಿಕೊಳ್ಳುತ್ತವೆ; ಒಬ್ಬರ ಮಾತು ಮುಗಿದರೆ 'ಓವರ್' ಅನ್ನಬೇಕು. "ಗುಡ್ಡ ಇಳೀತಿದೀನಿ" ಎಂಬ ಅಮ್ಮನ ದನಿ ಕೇಳುವ ತನಕ ಚೂಟಿಗೆ ಹೋಂವರ್ಕ್ ತಲೆಗೆ ಹತ್ತುವುದಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಮ್ಮ ಎಲ್ಲವನ್ನೂ ಕೇಳಿದಳು. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಗಂಭೀರವಾದಳು.

"ನೀವು ಮಾತಾಡಿದ್ದು ಕೇಬಲ್ ಒಳಗಿಂದ ಹೋಗಿ ಆಂಟೆನಾದಿಂದ ಹಾರ್ಬೇಕು. ಅದರಲ್ಲಿ ಒಂದಿಷ್ಟು ಹಾರೋದು ಬಿಟ್ಟು, ಕೇಬಲ್ಲಿನ ಹೊರಮೈ ಹಿಡ್ಕೊಂಡು ವಾಪಸ್ ಇಳಿಯುತ್ತೆ. ಮನೆ ವೈರುಗಳಿಗೆಲ್ಲ ನುಗ್ಗುತ್ತೆ. ಟೀಚರ್ ಸ್ಪೀಕರ್ ಹೊಕ್ಕಿರೋದು ಅದೇ."

"ಕಳ್ಳದಾರಿ!" ಎಂದಳು ಚೂಟಿ.

"ಹ್ಞೂಂ. ಆ ದಾರೀನ ಆಂಟೆನಾ ಬುಡದಲ್ಲೇ ಅಡ್ಡಗಟ್ಟಬೇಕು. ಕೇಬಲನ್ನ ಒಂದು ಪೈಪಿಗೆ ಸುತ್ತಿದ್ರೆ ಸಾಕು. ಒಳಗೆ ಹೋಗೋ ಸಿಗ್ನಲ್‌ಗೆ ಸುತ್ತು ಇದೆ ಅಂತ್ಲೇ ಗೊತ್ತಾಗಲ್ಲ. ಹೊರಗಿಂದ ಇಳಿಯೋದಕ್ಕೆ ಮಾತ್ರ ಉಸಿರು ಕಟ್ಟುತ್ತೆ. ಚೋಕ್ ಬಾಲನ್ ಅಂತಾರೆ."

"ಬಲೂನಾ?" ಎಂದ ಅಣ್ಣ.

"ಊದೋದಲ್ಲಪ್ಪ, ಸುತ್ತೋದು! ಸುತ್ತುಗಳು ಒಂದರ ಪಕ್ಕ ಒಂದು ಕೂರಬೇಕು. ಒಂದರ ಮೇಲೊಂದು ಹತ್ತಬಾರದು, ಅಷ್ಟೆ. ಡ್ರಾಯರಲ್ಲಿ ಎರಡೂ ತುದಿಗೆ ಕನೆಕ್ಟರ್ ಇರೋ ಕೇಬಲ್ ತುಂಡಿದೆ, ಅದನ್ನೇ ತಗೊಳ್ಳಿ."

ಮರುದಿನ ರಜೆ. ಅಮ್ಮನ ಲಾರಿ ಬೀದಿ ತಿರುಗಿದ್ದೇ ತಡ, ಜಗಳ ಶುರುವಾಯಿತು.

"ನಾನು ಸುತ್ತೋದು!"

"ನೀನು ಹಾಳು ಮಾಡ್ತೀಯ. ಕೊಡಿಲ್ಲಿ!"

ಅಪ್ಪನ ಕೈಯಲ್ಲಿ ಅರ್ಧ ಹೊಲಿದ ಪರದೆಯಿತ್ತು. "ಇಬ್ಬರೂ ಸುತ್ತಿ, ಮಾರಾಯ್ರಾ. ನನ್ನ ತಲೆ ತಿನ್ನಬೇಡಿ," ಎಂದವನೇ ಕೇಬಲನ್ನು ಮಡಚಿ ಸರಿಯಾಗಿ ಮಧ್ಯ ಗುರುತಿಸಿದ. ಬಚ್ಚಲಿಗೆ ಹಾಕಿಸಿ ಉಳಿದಿದ್ದ ದಪ್ಪ ಪ್ಲಾಸ್ಟಿಕ್ ಪೈಪಿನ ನಡುವಿಗೆ ಆ ಜಾಗವನ್ನು ಬಿಗಿದು ಕಟ್ಟಿದ. "ಇಲ್ಲಿಂದ ಎಡಕ್ಕೆ ಅವಳದು, ಬಲಕ್ಕೆ ನಿಂದು. ಇನ್ನು ಸದ್ದು ಬರಕೂಡದು."

ಇಬ್ಬರೂ ಬೆಂಚಿನ ಮೇಲೆ ಅಕ್ಕಪಕ್ಕ ಕೂತರು. ಕೇಬಲ್ ಬೆರಳಿನ ಮಾತು ಕೇಳದಷ್ಟು ಬಿರುಸಾಗಿತ್ತು. ಪೈಪಿನ ಮೇಲಿಂದ ಆಚೆಗೆ, ಅಡಿಯಿಂದ ಈಚೆಗೆ, ಮತ್ತೆ ಆಚೆಗೆ. ಅಣ್ಣ ಒಂದು ಸುತ್ತು ಹಾಕಿದರೆ ಚೂಟಿಯೂ ಒಂದು. ಅವನು ಕದ್ದು ಇವಳದನ್ನು ನೋಡಿದ, ಇವಳು ಕದ್ದು ಅವನದನ್ನು. ಮುಗಿದಾಗ ಅದು ಬೈತಲೆ ತೆಗೆದು ಎರಡು ಕಡೆ ಬಾಚಿದ ತಲೆಯಂತೆ ಅಚ್ಚುಕಟ್ಟಾಗಿತ್ತು.

"ಭಲೇ! ಅಳತೆ ಹಿಡಿದು ಹೊಲಿದ ಹಾಗಿದೆ," ಎಂದ ಅಪ್ಪ. ಅವನೇ ತಾರಸಿಗೆ ಹೋಗಿ, ಆಂಟೆನಾಕ್ಕೂ ಉದ್ದದ ಕೇಬಲಿಗೂ ನಡುವೆ ಅದನ್ನು ಸಿಕ್ಕಿಸಿ ಬಂದ.

ಟೀಚರ್ ಕೆಳಗೆ ಸ್ಪೀಕರ್ ಹಾಕಿದರು. ಚೂಟಿ ಮೈಕ್ ಒತ್ತಿ, "ಹಲೋ, ಹಲೋ," ಎಂದಳು.

"ಹಲೋ ಚೂಟಿ," ಎಂದರು ಟೀಚರ್ ಕೆಳಗಿನಿಂದಲೇ. "ಸ್ಪೀಕರಲ್ಲಿ ಇನ್ನೂ ಸ್ಪಷ್ಟವಾಗಿ ಕೇಳಿಸ್ತಿದೆಯಮ್ಮ."

ಅಪ್ಪ ಮತ್ತೆ ತಾರಸಿಗೆ ಹೋಗಿ ಪೈಪನ್ನು ಬಿಚ್ಚಿ ತಂದು, ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟ. "ಸಂಜೆ ಸ್ಕ್ರೂಡ್ರೈವರ್ ಎತ್ಕೊಡೋ," ಎಂದ ಅಣ್ಣನಿಗೆ. ಆಂಟೆನಾ ಇಳಿಸಲು ಬೇಕಾದದ್ದು ಅದೇ.

"ಎಲ್ಲ ನಿನ್ನಿಂದ. ನಿನ್ನ ಸುತ್ತು ಸಡಿಲ," ಎಂದ ಅಣ್ಣ.

"ನಿಂದೇ ಸಡಿಲ!"

ಮಧ್ಯಾಹ್ನ ಚೂಟಿ ಒಬ್ಬಳೇ ಆ ಪೈಪಿನ ಮುಂದೆ ಕೂತಳು. ಯಾರದು ಸಡಿಲ ಎಂದು ನೋಡಿಯೇ ಬಿಡೋಣ ಎಂದು ತನ್ನ ತುದಿಯಿಂದ ಕೇಬಲ್ ಮೇಲೆ ಬೆರಳಾಡಿಸತೊಡಗಿದಳು. ಬೆರಳು ಇರುವೆಯ ಹಾಗೆ ಹೊರಟಿತು. ಅಡಿಯಿಂದ ಆಚೆಗೆ ಹೋಗಿ, ಮೇಲೆ ಹತ್ತಿ, ತನ್ನ ಕಡೆಗೆ ಇಳಿಯಿತು. ಮತ್ತೆ ಹತ್ತಿತು, ತನ್ನ ಕಡೆಗೆ ಇಳಿಯಿತು. ಎಲ್ಲೂ ಸಡಿಲವಿರಲಿಲ್ಲ.

ಮಧ್ಯಕ್ಕೆ ಬಂದಾಗ ಬೆರಳು ಹೇರ್‌ಪಿನ್ನಿನಂಥ ಒಂದು ತಿರುವು ತೆಗೆದುಕೊಂಡಿತು. ಅಲ್ಲಿಂದ ಅಣ್ಣನ ಅರ್ಧ. ಈಗ ಬೆರಳು ತನ್ನ ಕಡೆಯಿಂದ ಹತ್ತಿ ಆಚೆಗೆ ಇಳಿಯುತ್ತಿತ್ತು.

ಚೂಟಿ ಇನ್ನೊಮ್ಮೆ ಮೊದಲಿಂದ ನಡೆಸಿದಳು. ಅದೇ. ಬಂದ ಸುತ್ತನ್ನೆಲ್ಲ ಬೆರಳು ಹಿಂದಕ್ಕೆ ಬಿಚ್ಚುತ್ತಾ ಹೋದ ಹಾಗಿತ್ತು.

"ಅಣ್ಣಾ! ನಾನು ಸುತ್ತಿದ್ದನ್ನ ನೀನು ಬಿಚ್ಚಿದೀಯ!"

"ನಿನ್ನ ಸುತ್ತು ನಾನು ಮುಟ್ಟೇ ಇಲ್ಲ. ಸುಳ್ಳು ಹೇಳ್ಬೇಡ."

"ಮುಟ್ಟಿಲ್ಲ ಕಣೋ. ಆದ್ರೆ ನಂದು ಒಂದು ದಿಕ್ಕಿಗೆ, ನಿಂದು ಇನ್ನೊಂದು ದಿಕ್ಕಿಗೆ, ಒಂದು ಕಟ್ಟಿದ ದಾರೀನ ಇನ್ನೊಂದು ಬಿಚ್ಚುತ್ತೆ. ಬೆರಳಿಟ್ಟು ನೋಡು."

ಅಣ್ಣ ಬೆರಳಿಟ್ಟು ನೋಡಿದ. ಮಧ್ಯದಲ್ಲಿ ನಿಂತ. ತಲೆ ಕೆರೆದುಕೊಂಡ. "ಆದ್ರೂ ನಂದು ಸರಿಯಾಗೇ ಇದೆ."

"ನಂದೂ ಸರಿಯಾಗಿದೆ," ಎಂದಳು ಚೂಟಿ. ಬಿಚ್ಚಬೇಕಾದದ್ದು ಯಾರದು? ಯಾರದನ್ನು ಬಿಚ್ಚಿದರೂ ಆಗುತ್ತಿತ್ತು. ಅಣ್ಣ ಕೈ ಕಟ್ಟಿ ನಿಂತಿದ್ದ. ಗಡಿಯಾರ ನಿಲ್ಲುವುದಿಲ್ಲವಲ್ಲ. ಚೂಟಿ ತನ್ನ ಅರ್ಧವನ್ನು ಬಿಚ್ಚಿದಳು. ಬೆಳಿಗ್ಗೆ ಅಷ್ಟು ಕಷ್ಟಪಟ್ಟು ಕೂರಿಸಿದ್ದು, ಒಂದು ಕ್ಷಣದಲ್ಲಿ ಸ್ಪ್ರಿಂಗಿನಂತೆ ಹಾರಿ ಬಿಚ್ಚಿಕೊಂಡಿತು.

ಆಮೇಲೆ ಅವಳು ಮೇಜಿನ ಆಚೆ ಬದಿಗೆ ಹೋಗಿ ನಿಂತಳು. ಅಪ್ಪ ಮಧ್ಯದ ಕಟ್ಟನ್ನು ಸಡಿಲಿಸಿ ತಿರುವು ನೆಟ್ಟಗೆ ಮಾಡಿ ಮತ್ತೆ ಬಿಗಿದ. ಅಣ್ಣ ಪೈಪ್ ಹಿಡಿದುಕೊಂಡ. ಚೂಟಿ ಸುತ್ತತೊಡಗಿದಳು, ತನ್ನಿಂದ ಆಚೆಗೆ.

"ಏ, ಉಲ್ಟಾ ಸುತ್ತಿದೀಯ!"

"ನಿಂಗೆ ಉಲ್ಟಾ. ಕೇಬಲ್‌ಗೆ ಸೀದಾ."

ಅಪ್ಪ ಈ ತುದಿಯಿಂದ ಆ ತುದಿಗೆ ಬೆರಳು ನಡೆಸಿದ. ಎಲ್ಲೂ ತಿರುಗಲಿಲ್ಲ, ಎಲ್ಲೂ ಹಿಂದೆ ಬರಲಿಲ್ಲ. "ಅರ್ಧ ಅರ್ಧ ಹಂಚಿದವನು ನಾನು. ನನ್ನ ಬುದ್ಧಿಗಿಷ್ಟು," ಎಂದು ತಾರಸಿಯ ಕಡೆ ಓಡಿದ.

ಅವನು ಇಳಿದು ಬರುವಷ್ಟರಲ್ಲಿ ಕೆಳಗೆ ಹಾಡು ಶುರುವಾಗಿತ್ತು. ಪರೀಕ್ಷೆ ಮಾಡಿ ನೋಡಲು ಹೊತ್ತಿರಲಿಲ್ಲ.

ರೇಡಿಯೊ ಗರಗರ ಎಂದಿತು. "ಮನೆಯವರೇ, ಗುಡ್ಡ ಇಳೀತಿದೀನಿ. ಕೇಳಿಸ್ತಿದೆಯಾ? ಓವರ್."

ಚೂಟಿ ಮೈಕ್ ಎತ್ತಿಕೊಂಡಳು. ಗುಂಡಿಯ ಮೇಲೆ ಬೆರಳಿತ್ತು, ಒತ್ತಲು ಧೈರ್ಯವಿರಲಿಲ್ಲ. ಅಣ್ಣ ಮೆಟ್ಟಿಲ ತನಕ ಹೋಗಿ ಕೆಳಗೆ ಕಿವಿಗೊಟ್ಟು ನಿಂತ. ಹೇಳು, ಎಂದು ಕೈಸನ್ನೆ ಮಾಡಿದ.

"ಕೇಳಿಸ್ತಿದೆ ಅಮ್ಮಾ. ಓವರ್."

ಕೆಳಗೆ ಹಾಡು ನಿಲ್ಲಲಿಲ್ಲ. ಯಾರೋ ಒಬ್ಬ ಹುಡುಗ ಶ್ರುತಿ ತಪ್ಪಿದ, ಟೀಚರ್ ತಿದ್ದಿದರು, ಹಾಡು ಮುಂದಕ್ಕೆ ಹೋಯಿತು. ಅಣ್ಣ ಎರಡೂ ಹೆಬ್ಬೆರಳು ಎತ್ತಿ ಕುಣಿದ. ಅಪ್ಪ ಸ್ಕ್ರೂಡ್ರೈವರನ್ನು ಡ್ರಾಯರಿನೊಳಗೆ ಹಾಕಿದ.

"ಆಯ್ತಾ? ಯಾರೇ ಸುತ್ತಿದ್ದು? ಓವರ್."

'ನಾನು' ಎಂಬುದು ಚೂಟಿಯ ನಾಲಿಗೆಯ ತುದಿಗೇ ಬಂದಿತ್ತು. ಮೇಜಿನ ಆಚೆ ನಿಂತಾಗ ಅಣ್ಣನ ಅಷ್ಟು ಅಂದದ ಸುತ್ತುಗಳು ಅವಳಿಗೂ ಉಲ್ಟಾ ಕಂಡಿದ್ದವು. ಅವನ ತಪ್ಪು ಎಲ್ಲಿತ್ತು?

"ಇಬ್ಬರೂ ಅಮ್ಮಾ," ಎಂದಳು. "ಅವನು ಆ ಕಡೆಯಿಂದ, ನಾನು ಈ ಕಡೆಯಿಂದ. ಓವರ್."