ನಲವತ್ತೊಂದು ಡಿಗ್ರಿ

ಪರದೆಯ ಮೇಲೆ ಗಡ್ಡೆ ಕೆಂಪಗಾಯಿತು. ಶಬ್ದತರಂಗಗಳು ಕಸ್ತೂರಬಾಯಿಯ ಎದೆಯ ಆ ಒಂದು ಜಾಗವನ್ನಷ್ಟೇ ನಲವತ್ತೊಂದು ಡಿಗ್ರಿಗೆ ಕಾಯಿಸಿದ್ದವು. ರಕ್ತದಲ್ಲಿ ತೇಲುತ್ತಿದ್ದ ಲಿಪೊಸೋಮುಗಳು, ಎಂದರೆ ಕೊಬ್ಬಿನ ತೆಳುಪೊರೆಯ, ಕಣ್ಣಿಗೆ ಕಾಣದ ಚೀಲಗಳು, ಆ ಬಿಸಿಗೆ ಬಿಚ್ಚಿಕೊಂಡು ಹೊತ್ತು ತಂದ ವಿಷವನ್ನು ಕ್ಯಾನ್ಸರಿನ ಮೇಲೆ ಸುರಿದವು. ಕೂದಲು ಉದುರಲಿಲ್ಲ, ವಾಂತಿಯಾಗಲಿಲ್ಲ. 2059ರ ಕಲಬುರಗಿಯಲ್ಲಿ ಇದು ಅರ್ಧ ದಿನದ ಕೆಲಸ. ಮಧ್ಯಾಹ್ನದ ಬಸ್ಸಿಗೆ ಮನೆ.

ಹದಿನೈದು ದಿನಗಳ ನಂತರ ಬಂದಾಗ ಆಕೆಯ ಅಂಗೈಗಳ ಚರ್ಮ ಸುಲಿದುಹೋಗಿತ್ತು.

ಆ ಚೀಲಗಳನ್ನು ರೂಪಿಸಿದ ಡಾ. ಇಂದುಧರ ಕೈ ಹಿಡಿದು ನೋಡಲು ಹೋಗಿ ತಡೆದುಕೊಂಡರು. "ಏನು ಮುಟ್ಟಿದ್ರಿ, ಅವ್ವಾ?"

"ಏನ್ ಮುಟ್ಲಿರೀ? ರೊಟ್ಟಿ ಬಡದೀನಿ. ಖಾನಾವಳಿಗಿ ದಿನಾ ಮುನ್ನೂರು. ಮೂವತ್ತು ವರ್ಷದಾಗ ಈ ಕೈ ಸುಟ್ಟಿಲ್ಲ."

"ಇಂಜೆಕ್ಷನ್ ಆದ ಮರುದಿನಾನೇ?"

"ಮತ್ತ? ಮಂದಿ ನನ್ನ ಸಲುವಾಗಿ ಉಪವಾಸ ಇರ್ತಾರೇನು?"

ನರ್ಸ್ ನಕ್ಕುಬಿಟ್ಟಳು. ಇಂದುಧರ ನಗಲಿಲ್ಲ. ಚೀಲಗಳು ಮೂರು ದಿನ ರಕ್ತದಲ್ಲಿರುತ್ತವೆ. ಹಂಚಿನ ಕಾವಿಗೆ ಅಂಗೈಯೂ ನಲವತ್ತೊಂದು ಡಿಗ್ರಿ ಮುಟ್ಟಿತ್ತು. ಎದೆ ಯಾವುದು, ಕೈ ಯಾವುದು ಎಂಬುದು ಚೀಲಕ್ಕೆ ತಿಳಿಯದು. ಪ್ರಯೋಗದ ಕಾಲದಲ್ಲಿ ರೋಗಿಗಳೆಲ್ಲ ತಣ್ಣನೆಯ ವಾರ್ಡಿನಲ್ಲಿ ಮಲಗಿದ್ದರು. ಯಾರೂ ಒಲೆಯ ಮುಂದೆ ಕೂತಿರಲಿಲ್ಲ.

ಚಿಕಿತ್ಸೆಗೆ ಸೇರುವಾಗಿನ ಆಕೆಯ ಅರ್ಜಿ ತೆರೆದರು. ಉದ್ಯೋಗ: ಮನೆಯಲ್ಲೇ. ತುಂಬಿದ್ದು ಇಂದುಧರರೇ, ಆಕೆಯನ್ನು ಕೇಳದೆ.

"ತಪ್ಪು ನಂದು," ಎಂದರು. "ಗಡ್ಡೆ ಅರ್ಧ ಕರಗಿದೆ. ಇನ್ನೆರಡು ಸಲ ಆಗ್ಬೇಕು. ಪ್ರತಿ ಸಲ ಮೂರು ದಿನ ಒಲೆ ಮುಟ್ಟಬಾರದು."

"ಮೂರೇ ದಿನಾ?" ಕಸ್ತೂರಬಾಯಿ ಅವರನ್ನೇ ನೋಡಿದಳು. "ಮೊದಲೇ ಹೇಳಿದ್ರ ನನ್ನ ತಂಗಿ ಬಡೀತಿದ್ಳಲ್ರೀ. ಈಗ ಈ ಕೈಗಿ ಹಿಟ್ಟಿನ ಹದಾನೇ ಗೊತ್ತಾಗ್ವಲ್ದು. ಜೀವ ಉಳಿಸ್ತೀರಿ, ಖರೆ. ಉಳದು ಏನ್ ಮಾಡ್ಲಿ?"



ಆಕೆ ಹೋದ ಮೇಲೆ ಇಂದುಧರ ರೋಗಿಗಳ ಪಟ್ಟಿ ತೆಗೆದರು. 'ಮನೆಯಲ್ಲೇ' ಎಂದಿದ್ದ ಹೆಂಗಸರು ಇನ್ನೂರ ಹನ್ನೆರಡು. ಅರ್ಜಿಯ ನಮೂನೆ 2020ರ ದಶಕದ್ದು. ಔಷಧಗಳು ಎಷ್ಟೋ ಬದಲಾದವು, ಅದನ್ನು ಯಾರೂ ಮುಟ್ಟಿರಲಿಲ್ಲ. ನಿನ್ನೆಯಷ್ಟೇ ಇಂಜೆಕ್ಷನ್ ಪಡೆದವಳಿಗೆ ಮೊದಲು ಫೋನ್ ಮಾಡಿದರು.

"ಅವ್ವಾ, ನೀವು ಏನು ಕೆಲಸ ಮಾಡ್ತೀರಿ?"

"ನಾನಾ? ಏನಿಲ್ರೀ ಸಾಹೇಬ್ರ. ಮನ್ಯಾಗೇ ಇರ್ತೀನಿ."

ಅವಳ ಮಾತಿನ ಹಿಂದೆ ಕಾದ ಎಣ್ಣೆಗೆ ಏನೋ ಬಿದ್ದು ಚುರ್ರೆಂದಿತು.