ಕಿಚಾಪನಿಗೆ ಸಾಂತಾನಳೇ ಕಣ್ಣು

ಕುಚಿಂಗ್ ಊರಿನ ಬೆಕ್ಕುಗಳೆಲ್ಲ ಶುಕ್ರವಾರ ಶುಕ್ರವಾರ ನನ್ನ ಹತ್ತಿರ ಸಲಹೆ ಕೇಳಲು ಬರುತ್ತವೆ. ಸಾಲು ನದಿಯವರೆಗೂ ಮುಟ್ಟುತ್ತದೆ. ಆಚೆ ದಡದವು ದೋಣಿ ಹತ್ತಿ ಬರುತ್ತವೆ, ಬಾಡಿಗೆ ಕೊಟ್ಟೇ.

ನೊರ್ಲಿಡಾಗೂ ಇದನ್ನೇ ಹೇಳಿದ್ದೆ. ಬೀದಿಪಾಲಾದ ಬೆಕ್ಕುಗಳನ್ನು ಮನೆಗೆ ತಂದು, ಒಳ್ಳೆಯ ಮನೆ ಸಿಗುವವರೆಗೆ ಸಾಕುವವಳು ಅವಳು. ವರಾಂಡದಲ್ಲಿ ಕೂತು ಒಂದು ಕರಿ ಬೆಕ್ಕಿನ ಕಣ್ಣು ಒರೆಸುತ್ತಿದ್ದಳು. ಕತ್ತೆತ್ತಿ ನೋಡಿದಳು. ಆ ನೋಟಕ್ಕೆ ಮೀನು ಮಾರ್ಕೆಟಿನ ಐಸೆಲ್ಲ ಕರಗಿ ನದಿಗೆ ಪ್ರವಾಹ ಬಂದಿರಬೇಕು.

"ಹಾಗಾದ್ರೆ ಸಫ್ವಾನ್ ಸಾಹೇಬ್ರೇ, ಎರಡನ್ನೂ ಒಯ್ತೀರಾ?"

ನಾನು ಸಾಕಲು ಕೇಳಿದ್ದು ಒಂದೇ ಒಂದು ಬೆಕ್ಕನ್ನು.

"ಅಣ್ಣ ತಂಗೀನ ಬಿಡಿಸಿ ಕೊಡಲ್ಲ," ಅಂದಳು. "ನೋಡಿ."

ಅಣ್ಣ ಕಿಚಾಪ್ ಸೋಯಾ ಸಾಸಿನಷ್ಟು ಕಪ್ಪು, ಎರಡು ಕಣ್ಣೂ ಕಾಣದು. ತಂಗಿ ಸಾಂತಾನ್ ತೆಂಗಿನ ಹಾಲಿನ ಬಿಳುಪು. ತಟ್ಟೆ ಇಟ್ಟಾಗ ತಂಗಿ ಮೂತಿ ಹಾಕಲಿಲ್ಲ. ಗಂಟಲಲ್ಲೇ ಸಣ್ಣಗೆ ಕರೆದಳು. ಅಣ್ಣ ಅವಳ ಪಕ್ಕೆಗೆ ಗದ್ದ ಒತ್ತಿಕೊಂಡು ಬಂದ. ಆಮೇಲೇ ಇಬ್ಬರೂ ತಿಂದದ್ದು. ಜಂಭ ಮರೆತು ನಾನೂ ಅವುಗಳ ಪಕ್ಕ ಕುಕ್ಕರಗಾಲಲ್ಲಿ ಕೂತೆ.

"ಮನೆ ಓನರ್ ಬೆಕ್ಕು ಖಾಲಿ ಮಾಡು ಅಂದಿದ್ದಾನೆ," ಅವಳ ದನಿ ಇಳಿಯಿತು. "ನಾಳೆ ಸಂಜೆ ಒಬ್ಬರು ಬರ್ತಾರೆ. ಅವರಿಗೆ ಬಿಳೀದೊಂದೇ ಸಾಕಂತೆ. ಜೋಡಿ ಒಯ್ಯೋರು ಸಿಗದಿದ್ರೆ ನನಗೆ ಬೇರೆ ದಾರಿ ಇಲ್ಲ."

"ನಾನಿದ್ದೀನಲ್ಲ. ನೂರು ಬೆಕ್ಕು ಸಾಕಿದ ಕೈ ಇದು."

ಮರುದಿನ ಬೆಳಿಗ್ಗೆ ಬೆಕ್ಕುಗಳ ಬುಟ್ಟಿ ಹಿಡಿದು ನನ್ನ ಮೂರನೇ ಮಹಡಿಯ ಮನೆ ನೋಡಲು ಬಂದಳು. ತಪಾಸಣೆ ಮಾಡದೆ ಅವಳು ಯಾರಿಗೂ ಬೆಕ್ಕು ಕೊಡಳು.

"ನೂರು ಬೆಕ್ಕು ಓಡಾಡಿದ ಮನೆ. ಒಂದು ಕೂದಲೂ ಇಲ್ಲ?"

"ತುಂಬಾ ಶಿಸ್ತಿನ ಬೆಕ್ಕುಗಳು."

"ಈ ಹಾಲು ಯಾರಿಗೆ?"

"ಈ ಬುಟ್ಟಿಯ ಮಕ್ಕಳಿಗೆ. ಬಟ್ಟಲು ತುಂಬಾ."

"ಹಸುವಿನ ಹಾಲಿಗೆ ಬೆಕ್ಕಿನ ಹೊಟ್ಟೆ ಕೆಡುತ್ತೆ. ದೋಣೀಲಿ ಬಂದ ಬೆಕ್ಕುಗಳು ಹೇಳಲಿಲ್ವಾ?"

ನಗುತ್ತಾಳೇನೋ ಅಂದುಕೊಂಡೆ. ನಗಲಿಲ್ಲ. ತೆರೆದ ಕಿಟಕಿ ನೋಡಿ, ಕೆಳಗೆ ರಸ್ತೆ ನೋಡಿ, ಬುಟ್ಟಿ ಎತ್ತಿಕೊಂಡಳು. ಒಳಗೆ ಸಾಂತಾನ್ ಅಣ್ಣನ ಕಿವಿ ನೆಕ್ಕುತ್ತಿದ್ದಳು.

ನಾನು ಬಾಗಿಲಿಗೆ ಅಡ್ಡ ನಿಂತೆ.

"ನಾನು ಒಂದು ಬೆಕ್ಕನ್ನೂ ಸಾಕಿಲ್ಲ. ನಿಮ್ಮನೆ ಎದುರಿನ ಅಂಗಡಿಗೆ ಲಾಕ್ಸಾ ನೂಡಲ್ಸ್ ಸಾರು ತಿನ್ನೋಕೆ ಬರ್ತಿದ್ದೆ. ನೀವು ಕಿಚಾಪನ ಕಣ್ಣು ಒರೆಸೋದು ನೋಡ್ತಾ ನೋಡ್ತಾ ದಿನಾ ತಣ್ಣಗಿನ ಲಾಕ್ಸಾನೇ ತಿಂದೆ. ಬೆಕ್ಕು ಬರೀ ನೆಪ."

"ಈಗ?"

"ಈಗ ನೆಪ ಅಲ್ಲ. ನನ್ನ ಮುಖ ಮತ್ತೆ ನೋಡಬೇಡಿ ಬೇಕಾದ್ರೆ. ಇವೆರಡನ್ನ ಮಾತ್ರ ಬೇರೆ ಮಾಡಬೇಡಿ. ಕಲೀತೀನಿ."

ಅವಳು ಬುಟ್ಟಿ ಕೆಳಗಿಟ್ಟಳು. ಆಮೇಲೆ ನೆಲದ ಮೇಲೆ ಕೂತು ಬುಟ್ಟಿಯ ಬಾಗಿಲು ತೆಗೆದಳು. ತಂಗಿ ಮುಂದೆ, ಅಣ್ಣ ಅವಳಿಗೆ ಅಂಟಿಕೊಂಡು.

"ಕಲಿಸೋಕೆ ದಿನಾ ಬರಬೇಕಾಗುತ್ತೆ," ಅಂದಳು, ಬೆಕ್ಕುಗಳ ಕಡೆ ನೋಡುತ್ತಾ. ಅವಳ ಕಿವಿ ಮಾತ್ರ ಕೆಂಪಾಗಿತ್ತು. "ಮೊದಲು ಕಿಟಕಿಗೆ ಬಲೆ. ಅಲ್ಲೀತನಕ ನಾನು ಇಲ್ಲಿಂದ ಏಳಲ್ಲ. ಬಲೆ ಹೊಡೆಯೋಕಾದ್ರೂ ಬರುತ್ತಾ?"

"ನನಗಾ? ಈ ಬಿಲ್ಡಿಂಗಿನ ಅಷ್ಟೂ ಕಿಟಕಿಗೆ ಒಂದೇ ಕೈಯಲ್ಲಿ..."

ಅವಳು ಕಣ್ಣೆತ್ತಿದಳು.

"ಬರಲ್ಲ," ಅಂದೆ.