ಜಗಳಗಂಟಿಯ ಬೀಗದ ಕೈ

ಮುಖ ನೋಡುವ ಮೊದಲೇ ಅವಳಿಗೆ ಆ ಕೈಗಳ ಗುರುತು ಸಿಕ್ಕಿತು.

ಉಗುರಿನ ಸಂದಿಯಲ್ಲಿ ಕಬ್ಬಿಣದ ಪುಡಿ ಕೂತು ಕಪ್ಪಾದ ಕೈಗಳು. ಒಂದು ಪುಟ್ಟ ಹುಡುಗಿಯ ಜಡೆ ಹೆಣೆಯಲು ಪರದಾಡುತ್ತಿದ್ದವು.

ಅದು ಮನೆಯಿಲ್ಲದ ಕುಟುಂಬಗಳ ಆಶ್ರಯ ಕೇಂದ್ರ. ಮಕ್ಕಳನ್ನು ಬೆಳೆಸುವುದು ಹೇಗೆಂದು ಅಪ್ಪ ಅಮ್ಮಂದಿರಿಗೆ ಕಲಿಸುವ ತರಗತಿ ಅಂದು ಶುರು. ಕಲಿಸುವವಳು ಅವಳೇ.

ಅವನು ತಲೆಯೆತ್ತಿದ. ಬೀಗದವನು!

"ನೀನಾ...?"

"ನೀನು ಗೀನು ಇಲ್ಲಿ ನಡೆಯಲ್ಲ. ಮೇಡಂ ಅನ್ನಿ. ಹಿಂದೆ ಹೋಗಿ ಕೂತ್ಕೊಳ್ಳಿ."

'ಬಾ... ನಿನಗಾಗಿಯೇ ಇಷ್ಟು ವರ್ಷ ಕಾದಿದ್ದೆ' ಎಂದಿತು ಅವಳ ಮನಸ್ಸು. ಪ್ರೀತಿಯಿಂದಲ್ಲ.

ಒಂದು ಕಾಲದಲ್ಲಿ ಪ್ರೀತಿಯೂ ಇತ್ತು. ಅವಳ ಬೀದಿಯ ಮೂಲೆಯಲ್ಲಿ ಬೀಗ ರಿಪೇರಿ ಮಾಡುತ್ತಾ, ಅವಳನ್ನು 'ಜಗಳಗಂಟಿ' ಎಂದು ರೇಗಿಸುತ್ತಾ, ಮದುವೆಯ ಮಾತನ್ನೂ ಆಡಿದ್ದವನು ಅವನು. ಒಂದು ಸಂಜೆ ಅವಳೂ ಅಮ್ಮನೂ ಸಂತೆಯಿಂದ ಬಂದಾಗ, ಮನೆ ಕೆಡವಲು ಹೊರಟ ಮಾಲೀಕನ ಆಳುಗಳು ಬಾಗಿಲಲ್ಲಿ ನಿಂತಿದ್ದರು. ಬಾಗಿಲಿಗೆ ಹೊಸ ಬೀಗ ಜಡಿಯುತ್ತಿದ್ದವನು... ಅವನೇ!

ಅವನು ತಲೆ ಎತ್ತಲಿಲ್ಲ. ಅವಳು ಉಗುಳಿ, ಅಮ್ಮನ ಕೈ ಹಿಡಿದು ನಡೆದಳು. ಆ ಚಳಿಗಾಲದಲ್ಲೇ, ಇಂಥದ್ದೇ ಒಂದು ಆಶ್ರಯದ ಮಂಚದ ಮೇಲೆ ಅಮ್ಮ ಕಣ್ಣು ಮುಚ್ಚಿದಳು. ದರ್ಜಿ ಹೆಂಗಸು. ಕೊನೆಯ ಮಾತೂ "ನನ್ನ ಕತ್ತರಿ ಒಳಗೇ ಉಳೀತಲ್ಲೇ" ಎಂಬುದೇ.

ಆ ಮನೆಯ ಹಳೇ ಬೀಗದ ಕೈ ಇಂದಿಗೂ ಅವಳ ಕೊರಳ ದಾರದಲ್ಲಿತ್ತು. ಮರೆಯಬಾರದಲ್ಲ!

ತರಗತಿ ಮುಗಿಸಿದವರಿಗೆ ಕೇಂದ್ರದವರು ಸ್ವಂತ ಬಾಗಿಲಿನ ಒಂದು ಕೋಣೆ ಕೊಡುತ್ತಿದ್ದರು. ಮುಗಿಸದಿದ್ದರೆ ಮಗು ಹಾಸ್ಟೆಲ್‌ಗೆ, ಅಪ್ಪ ಬೀದಿಗೆ. ಯಾರು ಮುಗಿಸಿದರು, ಯಾರು ಇಲ್ಲ ಎಂದು ಹೇಳುವ ಬಾಯಿ ಅವಳದು.

'ಬಾಗಿಲು ಮುಚ್ಚಿದರೆ ಹೇಗಿರುತ್ತೆ ಅಂತ ನೀನೂ ನೋಡು...'

ಅಲ್ಲಿ ಒಂದು ಅಭ್ಯಾಸವಿತ್ತು. ಒಬ್ಬರು ಸಿಟ್ಟಾದ ಮಗು, ಇನ್ನೊಬ್ಬರು ಅಪ್ಪ ಅಥವಾ ಅಮ್ಮ. ದೊಡ್ಡವರು ಕಾರಣ ಹೇಳುವಂತಿಲ್ಲ, ವಾದಿಸುವಂತಿಲ್ಲ. ಮಂಡಿಯೂರಿ, ಮಗುವಿನ ಮನಸ್ಸಿನಲ್ಲಿರುವುದನ್ನು ಮೊದಲು ಬಾಯಿಬಿಟ್ಟು ಹೇಳಬೇಕು.

ಅಪ್ಪನಾಗಲು ಅವಳು ಪ್ರತಿ ಸಲ ಅವನನ್ನೇ ಕರೆದಳು. ಮಗು ತಾನೇ ಆದಳು.

"ನೀನು ಕೆಟ್ಟವನು!"

"ನಿನಗೆ ಕೋಪ ಬಂದಿದೆ" ಎಂದ, ಮಂಡಿಯೂರಿ.

"ಬಾಗಿಲು ಯಾಕೆ ಮುಚ್ಚಿದೆ? ನಮ್ಮದೆಲ್ಲಾ ಒಳಗೇ ಇತ್ತು!"

"ಅವತ್ತು ನಾನು..."

"ಕಾರಣ ಹೇಳೋ ಹಾಗಿಲ್ಲ!"

ಬಾಗಿಲಲ್ಲಿ ನಿಂತಿದ್ದ ಅಡುಗೆಯಜ್ಜಿ ನಕ್ಕಳು. "ಯಪ್ಪಾ, ಎಂಥಾ ಹಟಮಾರಿ ಮಗು! ನಾನಾಗಿದ್ರೆ ಸೌಟಲ್ಲಿ ಎರಡು ಬಿಡ್ತಿದ್ದೆ!"

ಎಲ್ಲರೂ ನಕ್ಕರು. ಅವನು ನಗಲಿಲ್ಲ.

"ಬೀದೀಲಿ ನಿಂತಾಗ ನಿನಗೆ ತುಂಬಾ ಭಯ ಆಯ್ತು" ಎಂದ ಮೆಲ್ಲಗೆ. "ಆ ಭಯ ಇನ್ನೂ ಹೋಗಿಲ್ಲ."

ಅವಳು ಸರ್ರನೆ ಮುಖ ತಿರುಗಿಸಿದಳು. ಛೆ! "ಸರಿಯಾಗಿಲ್ಲ. ಮತ್ತೆ ಮಾಡಿ."

ವಾರಗಟ್ಟಲೆ ಹೀಗೇ ನಡೆಯಿತು. ಅವನ ಮಂಡಿ ತರಚಿತು. ಅವನು ಒಂದು ಸಲವೂ ಎದುರಾಡಲಿಲ್ಲ. ಅದಕ್ಕೇ ಅವಳ ಸಿಟ್ಟು ಇನ್ನಷ್ಟು ಉರಿಯಿತು.

ಕೊನೆಯ ದಿನ ಮಧ್ಯಾಹ್ನ ಅವಳು ಅವನ ಮಂಚದ ಬಳಿಗೆ ತಾನೇ ಹೋದಳು. 'ಕೋಣೆ ಕೊಡೋಕೆ ಆಗಲ್ಲ' ಎಂಬ ಮಾತನ್ನು ಮುಖಕ್ಕೇ ಹೇಳಬೇಕಿತ್ತು. ಅವನಿರಲಿಲ್ಲ. ಮಗಳಿದ್ದಳು. ಹೆರಿಗೆಯಲ್ಲೇ ತಾಯಿಯನ್ನು ಕಳೆದುಕೊಂಡ ಕೂಸು. ಎಲ್ಲರ ಬಾಯಲ್ಲಿ ಗುಬ್ಬಿ.

ಮಂಚದ ಕೆಳಗೊಂದು ತಗಡಿನ ಪೆಟ್ಟಿಗೆ. ಅದಕ್ಕೆ ಹಾಕಿದ್ದ ಹಿತ್ತಾಳೆಯ ಬೀಗ ಕಂಡು ಅವಳು ಬಗ್ಗಿ ನೋಡಿದಳು. ಅಂದು ಅವನು ಬಾಗಿಲಿಗೆ ಜಡಿದ ಅದೇ ಬೀಗ!

"ಅದು ತೆರೆಯಲ್ಲ ಮೇಡಂ" ಎಂದಳು ಗುಬ್ಬಿ. "ಅದರ ಕೈ ನಮ್ಮ ಹತ್ರ ಇಲ್ಲ."

"ನಿಮ್ಮಪ್ಪ ಬೀಗದವರಲ್ವೇನೇ? ಒಂದು ಮಾಡ್ಕೊಳ್ಳೋಕೆ ಬರಲ್ವಾ?"

"ಮಾಡಲ್ಲಂತೆ. ಜಗಳಗಂಟಿ ಬಂದು ತೆಗೀತಾಳಂತೆ."

ಅವಳ ಕೈ ತಾನಾಗಿ ಕೊರಳಿಗೆ ಹೋಯಿತು. 'ಹೊಸ ಬೀಗಕ್ಕೆ ಹಳೇ ಕೈ... ಹುಚ್ಚಾ ನನಗೆ?'

ಹಾಕಿದಳು. ತಿರುಗಿಸಿದಳು.

ಟಕ್!

ಒಳಗೆ ಅಮ್ಮನ ಕತ್ತರಿ. ಹಿಡಿಗೆ ಅಮ್ಮನೇ ಸುತ್ತಿದ್ದ ಕೆಂಪು ದಾರ. ಸೂಜಿ ಚುಚ್ಚಿಟ್ಟಿದ್ದ, ಅರ್ಧ ಹೊಲಿದ ಕುಪ್ಪಸ. ಅವಳು ಬಿಕ್ಕಿದಳು.

"ಈಗಲಾದ್ರೂ ಕಾರಣ ಹೇಳಬಹುದಾ ಮೇಡಂ?" ಬೆನ್ನ ಹಿಂದೆ ಅವನ ದನಿ.

"ಹೇಳು..."

"ನಾನು ಒಲ್ಲೆ ಅಂದಿದ್ರೆ ಬೇರೆ ಯಾರನ್ನಾದ್ರೂ ಕರೆಸ್ತಿದ್ರು. ಅದಕ್ಕೇ ಒಪ್ಪಿಕೊಂಡೆ. ಮಾಲೀಕನ ಬೀಗದ ಕೈಗೂ, ನಿನ್ನ ಹಳೇ ಕೈಗೂ ತೆರೆಯೋ ಹಾಗೆ ಬೀಗದ ಒಳಗನ್ನ ಉಜ್ಜಿಟ್ಟಿದ್ದೆ. ಆಳುಗಳ ಮುಂದೆ ಹೇಗೆ ಹೇಳ್ಲಿ? ಅವರು ಹೋದ ಮೇಲೆ ಬಂದು ತಿರುಗಿಸಿ ನೋಡ್ತೀಯ ಅಂದ್ಕೊಂಡೆ. ಹಿಂದಿನ ಗಲ್ಲೀಲಿ ಗಾಡಿ ಇಟ್ಕೊಂಡು ಕಾದೆ. ನೀವು ಬರಲೇ ಇಲ್ಲ."

"ಆಮೇಲೆ?"

"ನಾನೇ ಬೀಗ ತೆಗೆದು, ಸಿಕ್ಕಿದ್ದನ್ನ ಈ ಪೆಟ್ಟಿಗೆಗೆ ತುಂಬಿ, ಅದೇ ಬೀಗ ಹಾಕಿ ಎತ್ತಿಕೊಂಡೆ. ಮಾಲೀಕನಿಗೆ ಗೊತ್ತಾಯ್ತು, ಅಂಗಡಿ ಹೋಯ್ತು. ಎಲ್ಲಾ ಕಡೆ ಹುಡುಕಿದೆ. ಕೊನೆಗೆ ಮನೆಯವರು ಹೇಳಿದ ಹುಡುಗೀನ ಮದುವೆಯಾದೆ. ಒಳ್ಳೆಯವಳು... ಉಳೀಲಿಲ್ಲ."

ಅವಳು ಕತ್ತರಿಯನ್ನು ಎದೆಗೊತ್ತಿಕೊಂಡಳು. ಇಷ್ಟು ವರ್ಷ ಕೊರಳಲ್ಲೇ ಇತ್ತು. ಒಂದೇ ಒಂದು ಸಲ ತಿರುಗಿಸಿ ನೋಡಿದ್ದರೆ ಅಮ್ಮ...

"ನಿನ್ನ ಪಾಸು ಫೇಲು ನಾನು ಹೇಳಲ್ಲ" ಎಂದಳು ಕಣ್ಣೊರೆಸಿಕೊಂಡು. "ಕೇಂದ್ರದ ದೊಡ್ಡ ಮೇಡಂ ಬಂದು ನೋಡ್ಲಿ. ನನ್ನ ತಕ್ಕಡಿ ಮೊದಲಿಂದಲೂ ಸರಿಯಿರಲಿಲ್ಲ."

ದೊಡ್ಡ ಮೇಡಂ ಮರುದಿನ ಬಂದರು. ಅವನು ಗುಬ್ಬಿಯ ಜಡೆ ಹೆಣೆಯುತ್ತಾ ಅವಳ ಹರಟೆಗೆ ಕಿವಿಗೊಡುವುದನ್ನು ಸುಮ್ಮನೆ ಕೂತು ನೋಡಿದರು. "ಇವರಿಗೆ ಕೋಣೆ ಯಾವಾಗಲೋ ಕೊಡಬೇಕಿತ್ತಲ್ಲಮ್ಮಾ!" ಎಂದರು. ಅವಳು ತಲೆ ತಗ್ಗಿಸಿದಳು.

ಸಂಜೆ ಅಂಗಳದಲ್ಲಿ ಅವನೇ ಎದುರು ಬಂದು, ತರಚಿದ ಮಂಡಿಯನ್ನೇ ಮತ್ತೆ ಊರಿದ.

"ನಿನಗೆ ಕೋಪ ಬಂದಿದೆ."

"ಹೂಂ... ನನ್ನ ಮೇಲೇ."

"ಅದು ನನಗೆ ಬಿಡು. ಹೊಸ ಕೋಣೆಗೆ ಬೀಗ ಮಾಡ್ತಿದ್ದೀನಿ. ಕೈ ಎಷ್ಟು ಮಾಡ್ಲಿ... ಎರಡಾ, ಮೂರಾ?"

ಅವಳು ಕೊರಳಿನ ದಾರ ಬಿಚ್ಚಿ, ಹಳೇ ಕೈಯನ್ನು ಅವನ ಅಂಗೈಯಲ್ಲಿಟ್ಟಳು.

"ಎರಡು ಸಾಕು, ನಿನಗೊಂದು, ಗುಬ್ಬಿಗೊಂದು. ನನಗೆ ಇದೇ ಹೊಂದೋ ಹಾಗೆ ಉಜ್ಜಿಕೊಡು."

"ಈ ಸಲ ತಿರುಗಿಸಿ ನೋಡ್ತೀಯಾ, ಜಗಳಗಂಟಿ?"

"ದಿನಾ!"